ಬೆನ್ನಿಗೆ ಗಾಳಿ ತುಂಬುವ ಬಿಸಿಡಿ: ಬಳಸಿ ನೋಡಿದ ಮೇಲೆ

ಸ್ಕೂಬಾ ಡೈವಿಂಗ್‌ನಲ್ಲಿ ತೇಲುವಿಕೆಯನ್ನು ನಿಯಂತ್ರಿಸಲು ತೊಡುವ ಜಾಕೆಟ್ಟನ್ನು ಬಿಸಿಡಿ ಎನ್ನುತ್ತಾರೆ. ಗಾಳಿಚೀಲವು ಪೂರ್ತಿಯಾಗಿ ಬೆನ್ನಿನ ಭಾಗದಲ್ಲಿಯೇ ಇರುವ ಮಾದರಿಯೊಂದನ್ನು 20ಕ್ಕೂ ಹೆಚ್ಚು ಡೈವ್‌ಗಳಲ್ಲಿ ಬಳಸಿದ್ದೇನೆ. ಗಾಳಿಯೆಲ್ಲ ಬೆನ್ನ ಮೇಲಿರುವುದರಿಂದ ನೀರಿನೊಳಗೆ ದೇಹವು ಹೆಚ್ಚು ಪ್ರಯಾಸವಿಲ್ಲದೆ ಅಡ್ಡವಾಗಿ ನಿಲ್ಲುತ್ತದೆ. ಎದೆಯನ್ನು ಹಿಂಡಿದಂತಾಗುವುದೂ ಇಲ್ಲ.

ಇದರ ನಿಜವಾದ ಗುಣವೆಂದರೆ ಗಾಳಿ ಬಿಡುವ ಕವಾಟಗಳು. 30 ಮೀಟರ್ ಆಳದಿಂದ 20 ಮೀಟರಿಗೆ ಏರುವಾಗ ಚೀಲದ ಗಾಳಿ ಸುಮಾರು ಮೂರನೇ ಒಂದು ಪಾಲಷ್ಟೇ ಹಿಗ್ಗುತ್ತದೆ, ಆದರೆ 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಅದೇ ಗಾಳಿ ಇಮ್ಮಡಿಯಾಗುವುದರಿಂದ, ಕವಾಟ ನಿಧಾನವಾದರೆ ಮುಳುಗುಗಾರನು ಅಪಾಯಕಾರಿ ವೇಗದಲ್ಲಿ ಮೇಲಕ್ಕೆ ಚಿಮ್ಮಬಹುದು. ಭುಜದ ಕವಾಟವೂ ಸೊಂಟದ ಹಿಂದಿನ ಕವಾಟವೂ ದಾರ ಎಳೆದೊಡನೆ ತೆರೆದುಕೊಂಡು, ಬಿಟ್ಟೊಡನೆ ಮುಚ್ಚಿಕೊಂಡವು.

ಮೇಲ್ಮೈಯಲ್ಲಿ ಮಾತ್ರ ಚೀಲವನ್ನು ಪೂರ್ತಿ ಉಬ್ಬಿಸಿದರೆ ಮುಖ ಮುಂದಕ್ಕೆ ವಾಲುತ್ತದೆ. ತುಸು ಹಿಂದಕ್ಕೊರಗುವುದು ಅಭ್ಯಾಸವಾಗುವವರೆಗೆ ಇದು ಕಿರಿಕಿರಿಯೇ ಸರಿ. ಚೀಲಕ್ಕೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿ ದಪ್ಪ ಕೈಗವಸಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಜೇಬುಗಳು ಚಿಕ್ಕವು.

ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕದ ಲೆಕ್ಕ ತಪ್ಪಿದ್ದರೆ ಯಾವ ಬಿಸಿಡಿಯೂ ಅದನ್ನು ಮುಚ್ಚಿಹಾಕಲಾರದು. ಮೊದಲ ಕೆಲವು ಡೈವ್‌ಗಳಲ್ಲಿ ನಾನು ಅಗತ್ಯಕ್ಕಿಂತ ಹೆಚ್ಚು ಸೀಸ ಕಟ್ಟಿಕೊಂಡು, ಅದನ್ನು ಸರಿದೂಗಿಸಲು ಪದೇಪದೇ ಗಾಳಿ ತುಂಬುತ್ತ, ತಪ್ಪನ್ನೆಲ್ಲ ಜಾಕೆಟ್ಟಿನ ತಲೆಗೆ ಕಟ್ಟಿದ್ದೆ. 2 ಕಿಲೋ ಇಳಿಸಿದ ಮೇಲೆ ಗುಂಡಿ ಒತ್ತುವ ಸಂದರ್ಭವೇ ಅಪರೂಪವಾಯಿತು. ಸಣ್ಣ ಏರಿಳಿತಗಳಿಗೆ ಉಸಿರಾಟವೊಂದೇ ಸಾಕಾಗುತ್ತದೆ. ಪ್ರತಿ ಡೈವ್‌ನ ನಂತರ ಚೀಲದ ಒಳಭಾಗವನ್ನೂ ಸಿಹಿನೀರಿನಿಂದ ತೊಳೆಯಬೇಕು, ಉಪ್ಪು ಹರಳುಗಟ್ಟಿದರೆ ಕವಾಟ ಸೋರತೊಡಗುತ್ತದೆ.