ತಲೆಗಿಷ್ಟು ಹಣವೋ, ಗುರಿಗೆ ಬೋನಸ್ಸೋ?

ಜನ ಆರೋಗ್ಯವಾಗಿದ್ದರೆ ಆಸ್ಪತ್ರೆಗೂ ಲಾಭ ಆಗಬೇಕು, ಅದಕ್ಕೆ ಆಸ್ಪತ್ರೆಗೆ ಹಣ ಹೇಗೆ ಕೊಡಬೇಕು ಅಂತ ತಾನೇ ನೀವು ಕೇಳಿದ್ದು? ಒಂದು ದಾರಿ, ನೋಂದಾಯಿಸಿದ ಪ್ರತಿಯೊಬ್ಬರ ಲೆಕ್ಕದಲ್ಲಿ ವರ್ಷಕ್ಕೆ ಇಂತಿಷ್ಟು ಎಂದು ಆಸ್ಪತ್ರೆಗೆ ಮೊದಲೇ ಕೊಡುವುದು. ಇನ್ನೊಂದು, ಇಷ್ಟು ಜನರಿಗೆ ಲಸಿಕೆ ಹಾಕಬೇಕು ಎಂಬಂಥ ಗುರಿ ಮುಟ್ಟಿದರೆ ಬೋನಸ್.

ಖರ್ಚು ಹಿಡಿತದಲ್ಲಿಡಲು ಮೊದಲನೆಯದು ವಾಸಿ. ಸಕ್ಕರೆ ಕಾಯಿಲೆಯವರ ಪಾದ ಆಗಾಗ ನೋಡಿ, ಹುಣ್ಣಾಗದಂತೆ ತಡೆದರೆ ಕಾಲು ಕತ್ತರಿಸುವ ಆಪರೇಷನ್ನಿನ ಖರ್ಚು ಆಸ್ಪತ್ರೆಗೇ ಉಳಿಯುತ್ತದೆ. ಆದರೆ ಜಾಸ್ತಿ ಕಾಯಿಲೆ ಇರುವವರನ್ನು, ಖರ್ಚು ಹೆಚ್ಚೆಂದು, ಆಸ್ಪತ್ರೆ ದೂರ ಇಡುವ ಅಪಾಯವೂ ಇದೆ. ಅದು ನನಗೆ ನಿಜಕ್ಕೂ ಭಯ. ಅಂಥವರ ಲೆಕ್ಕದಲ್ಲಿ ಆಸ್ಪತ್ರೆಗೆ ಕೊಡುವ ಮೊತ್ತ ಏರಿಸಲೇಬೇಕು.

ಬೋನಸ್ಸಿಗೆ ಪಕ್ಕಾ ದಾಖಲೆ ಬೇಕು. ಬ್ರಿಟನ್ 2004ರಲ್ಲಿ ಕುಟುಂಬ ವೈದ್ಯರಿಗೆ ಇದನ್ನು ತಂದಿತು. ಅಳೆದ ಕೆಲಸ ಸುಧಾರಿಸಿತು, ಅಳೆಯದ ಕೆಲವು ಹಿಂದೆ ಬಿದ್ದವು.

ಜನ ವರ್ಷಗಟ್ಟಲೆ ಒಂದೇ ಆಸ್ಪತ್ರೆಗೆ ಬರುತ್ತಾರಾದರೆ ತಲೆಗಿಷ್ಟು ಎಂಬ ಲೆಕ್ಕ ಸರಿ. ಆಸ್ಪತ್ರೆ ಬದಲಿಸುತ್ತಲೇ ಇದ್ದರೆ, ಲಸಿಕೆಯಂಥ ಎಣಿಸಬಹುದಾದ ಕೆಲಸಕ್ಕೆ ಬೋನಸ್ ಇಡಿ.