ಹೊಜಾಯಿಯಿಂದ ತಂದ ಅಗರು: ಚಕ್ಕೆ ಮತ್ತು ಎಣ್ಣೆಯ ವಿಮರ್ಶೆ

ಸುಗಂಧದ ಕಟ್ಟಿಗೆಯಾದ ಅಗರಿನ ವ್ಯಾಪಾರಕ್ಕೆ ಹೆಸರಾದ ಅಸ್ಸಾಮಿನ ಹೊಜಾಯಿ ಪಟ್ಟಣದ ಸಣ್ಣ ಅಂಗಡಿಯೊಂದರಲ್ಲಿ 10 ಗ್ರಾಂ ಅಗರು ಚಕ್ಕೆಯನ್ನೂ 3 ಮಿಲಿಲೀಟರ್ ಎಣ್ಣೆಯನ್ನೂ ಕೊಂಡು ತಂದಿದ್ದೆ. ಕೆಲವು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಶ್ರೀಗಂಧವನ್ನು ಕಂಡು ಬೆಳೆದ ನಾವು ಅಗರನ್ನೂ ಅದೇ ಕಣ್ಣಿನಿಂದ ನೋಡಿದರೆ ಮೋಸಹೋಗುತ್ತೇವೆ. ಶ್ರೀಗಂಧದ ಚೇಗು ಮರ ಬಲಿತಂತೆ ತಾನಾಗಿಯೇ ಪರಿಮಳ ಕಟ್ಟಿಕೊಳ್ಳುತ್ತದೆ. ಆರೋಗ್ಯವಾಗಿರುವ ಅಗರು ಮರದ ಕಟ್ಟಿಗೆಯಾದರೋ ಬಿಳಿಚಾಗಿ, ಹಗುರವಾಗಿ, ಹೆಚ್ಚುಕಡಿಮೆ ವಾಸನೆಯೇ ಇಲ್ಲದೆ ಇರುತ್ತದೆ. ಹುಳು ಕಾಂಡವನ್ನು ಕೊರೆದು, ಆ ಗಾಯಕ್ಕೆ ಶಿಲೀಂಧ್ರ ಹತ್ತಿದಾಗ, ಮರ ತನ್ನ ರಕ್ಷಣೆಗಾಗಿ ಕಟ್ಟಿಕೊಳ್ಳುವ ರಾಳವೇ ಆ ಭಾಗವನ್ನು ಕಪ್ಪಾಗಿಸಿ, ತೂಕ ಕೊಟ್ಟು, ಸುಗಂಧ ತುಂಬುತ್ತದೆ. ಕಪ್ಪಗಿದ್ದಷ್ಟೂ ಬೆಲೆ ಏರುವುದರಿಂದ ಬಣ್ಣ ಹಚ್ಚಿದ ಚಕ್ಕೆಗಳೂ ಮಾರುಕಟ್ಟೆಗೆ ಬರುತ್ತವೆ. ಆದ್ದರಿಂದ ಅಂಗಡಿಯವರು ನಾನು ಕೇಳುವ ಮೊದಲೇ ಒಂದು ಚೂರನ್ನು ಕಾಯಿಸಿ ಮೂಗಿಗೆ ಹಿಡಿದದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಮನೆಯಲ್ಲಿ ಮೊದಲ ದಿನ ಚಕ್ಕೆಯನ್ನು ನೇರವಾಗಿ ಕೆಂಡದ ಮೇಲೆ ಹಾಕಿ ಕೆಡಿಸಿದೆ. ಸುಟ್ಟ ಕಟ್ಟಿಗೆಯ ಘಾಟು ಬಿಟ್ಟರೆ ಬೇರೇನೂ ಬರಲಿಲ್ಲ. ಕೆಂಡಕ್ಕೆ ಬೂದಿ ಮುಚ್ಚಿ, ಅದರ ಮೇಲೆ ಅಭ್ರಕದ ತೆಳು ಹಾಳೆಯಿಟ್ಟು ಕಾಯಿಸಿದಾಗ ಮಾತ್ರ ಮೊದಲು ಸಿಹಿ, ಆಮೇಲೆ ಹಳೆಯ ತೊಗಲಿನಂತಹ ಗಾಢ ವಾಸನೆ ಬಂದು, ಬೆಂಕಿ ಆರಿದ ಮೇಲೂ ಪರದೆಯಲ್ಲಿ ಉಳಿಯಿತು. ನಾವು ದಿನವೂ ಹಚ್ಚುವ ಅಗರಬತ್ತಿಯಲ್ಲಿ ಅಗರಿನ ಹೆಸರಷ್ಟೇ ಉಳಿದಿದೆ ಎಂಬುದು ಆಗ ಮನದಟ್ಟಾಯಿತು.

ಎಣ್ಣೆಯ ಬಗ್ಗೆ ಅಷ್ಟು ಉತ್ಸಾಹವಿಲ್ಲ. ಕಟ್ಟಿಗೆಯನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆಹಾಕಿ ಭಟ್ಟಿ ಇಳಿಸುವುದರಿಂದ ಅದಕ್ಕೆ ಮೊದಲ ಅರ್ಧ ಗಂಟೆ ದನದ ಕೊಟ್ಟಿಗೆಯ ವಾಸನೆಯಿರುತ್ತದೆ. ಕೊಲ್ಲಿ ದೇಶಗಳ ಗಿರಾಕಿಗಳಲ್ಲಿ ಇದನ್ನೇ ಬಯಸುವವರಿದ್ದಾರಂತೆ. ನಮ್ಮ ಮನೆಯವರು ಕಿಟಕಿ ತೆರೆದರು.

ದೊಡ್ಡ ಕೊರತೆ ಲೇಬಲ್ಲಿನದು. ಈ ಜಾತಿಯ ಮರದ ಅಂತರರಾಷ್ಟ್ರೀಯ ವ್ಯಾಪಾರ 1995ರಿಂದ ಸೈಟಿಸ್ (ಅಳಿವಿನ ಭೀತಿಯಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ) ಒಪ್ಪಂದದ ನಿಯಂತ್ರಣದಲ್ಲಿದ್ದರೂ, ಮಾಲು ತೋಟದ್ದೋ ಕಾಡಿನದೋ ಎಂದು ಪೊಟ್ಟಣದ ಮೇಲಾಗಲಿ ರಸೀದಿಯಲ್ಲಾಗಲಿ ಒಂದಕ್ಷರವೂ ಇಲ್ಲ. ಚಕ್ಕೆಗೆ ಐದರಲ್ಲಿ ನಾಲ್ಕು, ಎಣ್ಣೆಗೆ ಎರಡೂವರೆ ಅಂಕ ಕೊಡುತ್ತೇನೆ. ಮುಂದಿನ ಸಲ ಮೂಲ ಬರೆದುಕೊಟ್ಟರೆ ಚಕ್ಕೆಯನ್ನು ಮಾತ್ರ ಮತ್ತೆ ತರುತ್ತೇನೆ.