ಪಿಸಿಒಎಸ್‌ಗೆ ಬಿರುಸು ನಡಿಗೆಯೋ, ಎಚ್‌ಐಐಟಿಯೋ?

ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗಿ ಮುಟ್ಟು, ಅಂಡಾಶಯಕ್ಕೆ ತೊಂದರೆ ಕೊಡುವ ಸಮಸ್ಯೆ) ಇದೆ, ಸಿಆರ್‌ಪಿ (ಮೈಯೊಳಗಿನ ಉರಿಯೂತ ತೋರಿಸುವ ರಕ್ತಪರೀಕ್ಷೆ) ಸ್ವಲ್ಪ ಜಾಸ್ತಿ ಬಂದಿದೆ, ಯಾವ ವ್ಯಾಯಾಮ ಹಿಡಿಯಲಿ ಅಂತ ಕೇಳಿದ್ದೀರಿ.

ಮೊದಲು ಸಮಯ. 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ (ಬಿರುಸು ನಡಿಗೆಯಂಥದ್ದು), ಇಲ್ಲವೇ 75ರಿಂದ 150 ನಿಮಿಷ ಜೋರು ವ್ಯಾಯಾಮ (ಎಚ್‌ಐಐಟಿಯಂಥದ್ದು, ಅಂದರೆ ಸ್ವಲ್ಪ ಹೊತ್ತು ತುಂಬಾ ಜೋರು, ಸ್ವಲ್ಪ ಹೊತ್ತು ನಿಧಾನ, ಹೀಗೆ ಸರದಿಯಲ್ಲಿ ಮಾಡುವುದು). ಬಿಡುವೇ ಇಲ್ಲದವರಿಗೆ ಎರಡನೆಯದು ಅನುಕೂಲ.

ಉರಿಯೂತದ ಮಟ್ಟಿಗೆ ಎರಡರಿಂದಲೂ ಉಪಯೋಗವಿದೆ. ದುಡಿಯುವ ಸ್ನಾಯು ಐಎಲ್-6 ಎಂಬ ಸಂದೇಶ ಸಾಗಿಸುವ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಉರಿಯೂತದಲ್ಲಿ ಏರುವುದೂ ಇದೇ ಅಲ್ವಾ? ಹೌದು. ಆದರೆ ವ್ಯಾಯಾಮದಲ್ಲಿ ಅದು ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ, ಹೋಗುವಾಗ ಉರಿಯೂತ ತಗ್ಗಿಸುವ ಐಎಲ್-10 ಅನ್ನು ಎಬ್ಬಿಸುತ್ತದೆ. ತಿಂಗಳುಗಟ್ಟಲೆ ಬಿಡದೆ ಮಾಡಿದರೆ ಹೊಟ್ಟೆಯೊಳಗಿನ ಕೊಬ್ಬೂ ಇಳಿಯುತ್ತದೆ. ಕೆಲವೊಮ್ಮೆ ತೂಕದ ಮುಳ್ಳು ಅಲ್ಲಾಡದಿದ್ದರೂ!

ಇನ್ಸುಲಿನ್ ಪ್ರತಿರೋಧವೇ (ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು) ದೊಡ್ಡ ತಲೆನೋವಾಗಿದ್ದರೆ ಜೋರು ವ್ಯಾಯಾಮದ ಕಡೆ ತಕ್ಕಡಿ ವಾಲುತ್ತದೆ. ಜೋರು ಅಂದರೆ, ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಬೇಕು. ಬಿರುಸು ನಡಿಗೆಯಲ್ಲಿ ಮಾತಾಡಬಹುದು, ಹಾಡೋಕಾಗಲ್ಲ.

ಮಂಡಿ ನೋವಿದ್ದರೆ, ತೂಕ ಜಾಸ್ತಿ ಇದ್ದರೆ, ವ್ಯಾಯಾಮವೇ ಹೊಸದಾಗಿದ್ದರೆ ನಡಿಗೆಯೇ ಸರಿ. ಎಚ್‌ಐಐಟಿಯನ್ನು ಸೈಕಲ್ ಮೇಲೂ ಮಾಡಬಹುದು, ಕುಣಿದು ಕುಪ್ಪಳಿಸಲೇಬೇಕಂತಿಲ್ಲ. ಬೇಸರ ಬೇಗ ಬರುವವರು ಎರಡನ್ನೂ ಬೆರೆಸಿಕೊಳ್ಳಿ. ಯಾವುದನ್ನು ಆರಿಸಿದರೂ ವಾರಕ್ಕೆ ಎರಡು ದಿನ ಸ್ನಾಯು ಬಲದ ವ್ಯಾಯಾಮ ಇರಲಿ.

ಒಂದು ಮಾತು: ಬೆವರು ಕಿತ್ತುಬರುವಂತೆ ದಣಿದ ಮರುದಿನವೇ ಸಿಆರ್‌ಪಿಗೆ ರಕ್ತ ಕೊಡಬೇಡಿ. ಸುಮ್ನೆ ಜಾಸ್ತಿ ತೋರಿಸಬಹುದು.